ಪಟ್ಟಿಯಲ್ಲಿ ಇಲ್ಲದ ಸ್ವಿಚ್ಚು

ಹೊಸಬರಿಗೆ ಮರಗೆಲಸ ಕಲಿಸೋಕೆ ಒಂದು ವರ್ಕ್‌ಶಾಪ್ ಬೇಕು, ದುಡ್ಡು ಕಡಿಮೆ ಇದೆ, ನೀವೇ ನಿಂತು ಮಾಡಿಸಿ ಅಂತ ಮ್ಯಾನೇಜ್‌ಮೆಂಟ್‌ನವರು ಕರೆದಾಗ ಅವರ ಕೈಯಲ್ಲಿ ಆಗಲೇ ಪಟ್ಟಿ ಸಿದ್ಧವಾಗಿತ್ತು. ಮೊದಲ ಸಾಲು ಟೇಬಲ್ ಸಾ, ಅಂದರೆ ಮೇಜಿನ ನಡುವಿಂದ ದುಂಡು ಬ್ಲೇಡ್ ಎದ್ದು ನಿಂತು ತಿರುಗುವ ಗರಗಸ. ಆಮೇಲೆ ಕೋನಕ್ಕೆ ತುಂಡರಿಸುವ ಮೈಟರ್ ಸಾ, ಗಾಡಿ ಕೊರೆಯುವ ರೌಟರ್. ಕಟ್ಟಕಡೆಗೆ "ಇತರೆ" ಅನ್ನುವ ಒಂದೇ ಸಾಲಿನೊಳಗೆ ಬೆಂಚು, ವೈಸ್, ಉಳಿ, ರಂದ, ಸಾಣೆಕಲ್ಲು, ಕ್ಲಾಂಪ್ ಎಲ್ಲವನ್ನೂ ತುರುಕಿದ್ದರು. ಅಲುಗಾಡುವ ಟೇಬಲ್ ಮೇಲೆ ಮೊಣಕಾಲೂರಿ ಹಲಗೆ ಕೊಯ್ದವರು ಮಾಡಿದ ಪಟ್ಟಿ ಅದಲ್ಲ ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು.

ನಾನು ಹೇಳಿದ್ದು ಇಷ್ಟೇ: ಪಟ್ಟಿಯನ್ನು ತಲೆಕೆಳಗು ಮಾಡಿ. ಮೊದಲ ದುಡ್ಡು ಮರವನ್ನು ಹಿಡಿಯುವ ಸಾಮಾನಿಗೆ, ಅಂದರೆ ಬೆಂಚು, ವೈಸ್, ಕ್ಲಾಂಪಿಗೆ. ಎರಡನೆಯದು ಮಸೆಯುವುದಕ್ಕೆ. ಮೂರನೆಯದು ಅಳೆದು ಗೀರು ಹಾಕುವುದಕ್ಕೆ. ಕೊಯ್ಯುವ ಯಂತ್ರ ಕೊನೆಗೆ, ಉಳಿದರೆ. ಹೊಸಬರ ಕೊಯ್ತ ಸೊಟ್ಟಗಾಗುವುದು ಗರಗಸ ಅಗ್ಗದ್ದು ಅಂತಲ್ಲ, ಮುಕ್ಕಾಲು ಪಾಲು ಸಲ ಹಲಗೆ ಸರಿದದ್ದಕ್ಕೆ. ರಂದ ಹೊಡೆಯುವಾಗ ಬೆಂಚು ತೂಗಿದರೆ ತೋಳಿನ ಅರ್ಧ ಬಲ ಬೆಂಚನ್ನು ಅಲ್ಲಾಡಿಸುವುದಕ್ಕೇ ಖರ್ಚಾಗುತ್ತದೆ.

"ಬೆಂಚಿನ ಫೋಟೋ ಹಾಕಿದ್ರೆ ಯಾರು ಸೇರ್ತಾರೆ ಸರ್?" ಅಂದರು.

ಕೊನೆಗೆ ರಾಜಿಯಾಯಿತು. ಮೈಟರ್ ಸಾ, ರೌಟರ್ ಬಿಟ್ಟು, ಇದ್ದುದರಲ್ಲೇ ಅಗ್ಗದ ಟೇಬಲ್ ಸಾ ಒಂದನ್ನು ತರುವುದು. ಮಿಕ್ಕ ದುಡ್ಡು ನನ್ನ "ಇತರೆ"ಗೆ. ಯಂತ್ರ ಆರಿಸುವ ಕೆಲಸ ನನ್ನದು. ಟೇಬಲ್ ಮಟ್ಟ ನೋಡಿದೆ. ಹಲಗೆ ಒರಗಿಸಿ ತಳ್ಳುವ ಫೆನ್ಸ್ ಬ್ಲೇಡಿಗೆ ಸಮಾನಾಂತರ ನಿಲ್ಲುತ್ತದೆಯೇ ಅಂತ ಮುಂದೊಮ್ಮೆ ಹಿಂದೊಮ್ಮೆ ಅಳೆದೆ. ಬ್ಲೇಡ್ ಕೂರುವ ಆರ್ಬರ್ ಕೈಯಲ್ಲಿ ತಿರುಗಿಸಿ ಆಟ ಇಲ್ಲ ಅಂತ ಖಾತ್ರಿ ಮಾಡಿಕೊಂಡೆ. ಮೋಟಾರಿನ ಎಚ್‌ಪಿ ಓದಿದೆ, ಬ್ಲೇಡಿನ ಹಲ್ಲು ಎಣಿಸಿದೆ. ಸ್ವಿಚ್ ಒತ್ತಿ ಓಡಿಸಿಯೂ ನೋಡಿದೆ. ಆ ಸ್ವಿಚ್ ಎಂಥದ್ದು ಅಂತ ಮಾತ್ರ ಯೋಚಿಸಲಿಲ್ಲ. ಆನ್ ಮಾಡಿದರೆ ಆನ್ ಆಗುತ್ತದೆ, ಆಫ್ ಮಾಡಿದರೆ ಆಫ್ ಆಗುತ್ತದೆ, ಅದರಲ್ಲಿ ನೋಡುವುದೇನು?

ವೈರಿಂಗ್ ಬೇರೆ ಬಜೆಟ್ ಹೆಡ್‌ನಲ್ಲಿ ಬರುತ್ತದಂತೆ. ಅದು ಮಂಜೂರಾಗುವವರೆಗೆ ಎಕ್ಸ್‌ಟೆನ್ಷನ್‌ನಲ್ಲಿ ನಡೆಸಿ ಅಂದರು. ಒಂದೇ ರೀಲ್, ಒಂದೇ ಸಣಕಲು ವೈರು. ಅದಕ್ಕೇ ಟೇಬಲ್ ಸಾ, ಅದಕ್ಕೇ ಹೊಟ್ಟು ಎಳೆಯುವ ವ್ಯಾಕ್ಯೂಮ್. ಮೋಟಾರು ಸ್ಟಾರ್ಟ್ ಆಗುವಾಗ, ಓಡುವಾಗ ಬೇಕಾದ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ. ಉದ್ದದ ತೆಳು ವೈರಿನಲ್ಲಿ ವೋಲ್ಟೇಜ್ ಬಿದ್ದು ಮೋಟಾರು ಏದುಸಿರು ಬಿಡುತ್ತದೆ, ರೀಲಿನಲ್ಲಿ ಸುತ್ತಿದ ವೈರು ಬಿಸಿಯಾಗುತ್ತದೆ. ಬ್ರೇಕರ್ ಟ್ರಿಪ್ ಆಗುವುದು ದಿನಚರಿಯೇ ಆಗಿಬಿಟ್ಟಿತು. ಬಾಗಿಲ ಹತ್ತಿರ ಯಾರಿರುತ್ತಾರೋ ಅವರು ಹೋಗಿ ಎತ್ತುವುದು, ಕೆಲಸ ಮುಂದುವರಿಯುವುದು. ಯಾರಿಗೂ ಹೇಳಬೇಕಾಗಿಯೂ ಇರಲಿಲ್ಲ.

ಆವತ್ತು ಒಬ್ಬ ಹುಡುಗ ಎರಡಿಂಚಿನ ಹಲಗೆಯನ್ನು ಉದ್ದಕ್ಕೆ ಸೀಳುತ್ತಿದ್ದ. ಅದಕ್ಕೂ ಮುಂಚೆ ಯಾರೋ ಗ್ರೂವ್ ಹೊಡೆಯಲು ಬ್ಲೇಡಿನ ಮೇಲೆ ಮುಚ್ಚುವ ಗಾರ್ಡ್ ಬಿಚ್ಚಿದ್ದರು. ಆ ಯಂತ್ರದಲ್ಲಿ ಗಾರ್ಡು, ಬ್ಲೇಡಿನ ಹಿಂದೆ ನಿಲ್ಲುವ ಸ್ಪ್ಲಿಟರು ಎರಡೂ ಒಂದೇ ತುಂಡು. ಒಂದನ್ನು ತೆಗೆದರೆ ಇನ್ನೊಂದೂ ಹೋಯಿತು. ಮತ್ತೆ ಕೂರಿಸಬೇಕೆಂದರೆ ಸ್ಪ್ಯಾನರ್ ಹುಡುಕಿ, ಬ್ಲೇಡಿನ ನೇರಕ್ಕೆ ಹೊಂದಿಸಿ, ಅರ್ಧ ಗಂಟೆಯ ಬಾಬತ್ತು. ಹಾಗಾಗಿ ಅದು ಗೋಡೆಯ ಮೊಳೆಗೆ ನೇತುಬಿದ್ದಿತ್ತು. ಹಲಗೆಯೊಳಗೆ ಸೆಳೆತವಿದ್ದರೆ ಸೀಳುತ್ತ ಹೋದಂತೆ ಕೊಯ್ತದ ಬಾಯಿ ಮುಚ್ಚಿಕೊಂಡು ಬ್ಲೇಡನ್ನು ಕಚ್ಚುತ್ತದೆ. ಅದು ಮುಚ್ಚದಂತೆ ತಡೆಯುವುದೇ ಸ್ಪ್ಲಿಟರ್.

ಬ್ಲೇಡಿನ ಸ್ವರ ಇಳಿಯಿತು. ನಾನು ಪಕ್ಕದ ಬೆಂಚಿನಲ್ಲಿ ಉಳಿ ಮಸೆಯುತ್ತಿದ್ದವನು ಕೇಳಿಸಿಕೊಂಡೆ. ಬ್ಲೇಡ್ ಮೊಂಡಾಯಿತು, ಸಾಣೆಗೆ ಕಳಿಸಬೇಕು, ಆ ಬಿಲ್ಲಿಗೆ ಯಾರ ಸಹಿ ಬೇಕಾಗುತ್ತದೋ ಅಂತ ಲೆಕ್ಕ ಹಾಕುತ್ತಿದ್ದೆ. ತಲೆ ಎತ್ತಿ ನೋಡಿದ್ದರೆ ಕೊಯ್ತ ಮುಚ್ಚುತ್ತಿರುವುದು ಕಾಣುತ್ತಿತ್ತು. ಸ್ವರ ಇನ್ನೂ ಇಳಿದು ಗುರ್ ಅಂದಿತು, ಬ್ರೇಕರ್ ಬಿತ್ತು. ಲೈಟು, ವ್ಯಾಕ್ಯೂಮು, ಗರಗಸ ಎಲ್ಲ ಒಟ್ಟಿಗೇ ನಿಂತವು.

ಆಗ ತಲೆ ಎತ್ತಿದೆ. ಹುಡುಗ ಎರಡೂ ಕೈಯಲ್ಲಿ ಹಲಗೆಯನ್ನು ತನ್ನ ಕಡೆಗೆ ಎಳೆಯುತ್ತಿದ್ದ. ಬರಲಿಲ್ಲ. ಎಡಗೈಯನ್ನು ಇನ್ನೂ ಮುಂದಕ್ಕೆ, ಬ್ಲೇಡಿನ ಮಗ್ಗುಲಿಗೇ ತಂದು ಹಲಗೆಯನ್ನು ಮೇಲಕ್ಕೆ ಮೀಟತೊಡಗಿದ. ಅವನ ಮಟ್ಟಿಗೆ ಯಂತ್ರ ಸತ್ತಿತ್ತು. ಅವನ ಮೊಣಕಾಲಿನ ಪಕ್ಕದಲ್ಲಿ ಸ್ವಿಚ್ ಮಾತ್ರ ಆನ್‌ನಲ್ಲೇ ಇತ್ತು. ಅದು ಮನೆಯ ಲೈಟಿಗೆ ಹಾಕುವಂಥ ಸಾದಾ ಸ್ವಿಚ್: ಕರೆಂಟು ಹೋದರೆ ಹಾಗೇ ಇರುತ್ತದೆ, ಬಂದರೆ ಯಂತ್ರ ತಾನಾಗಿಯೇ ಓಡುತ್ತದೆ. ಹತ್ತಿಂಚಿನ ಬ್ಲೇಡ್ ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಹಲ್ಲಿನ ತುದಿಯ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ಅರ್ಧ ಎದ್ದಿರುವ ಹಲಗೆ ಹಿಂಬದಿಯ ಹಲ್ಲಿಗೆ ಸಿಕ್ಕರೆ ಹಲಗೆ ಹುಡುಗನ ಹೊಟ್ಟೆಗೆ ಬರುತ್ತದೆ, ಕೈ ಬ್ಲೇಡಿನ ಕಡೆಗೆ ಹೋಗುತ್ತದೆ.

ಬ್ರೇಕರ್ ಬಾಕ್ಸಿನ ಕಡೆ ಇನ್ನೊಬ್ಬ ಆಗಲೇ ಹೆಜ್ಜೆ ಹಾಕಿದ್ದ, ದಿನಾ ಹೋಗುವ ಹಾಗೆ.

ಸ್ವಿಚ್ಚಿಗೆ ಕೈ ಹಾಕಬೇಕೆಂದರೆ ನಡುವೆ ಹುಡುಗ ಅಡ್ಡ. ಹಿಂದಿನಿಂದ ಮುಟ್ಟಿದರೆ ಬೆಚ್ಚಿ ಕೈ ಎಲ್ಲಿಡುತ್ತಾನೋ. ಬಾಯಿಯೇ ಗತಿ ಅಂತ ಇದ್ದ ದನಿಯನ್ನೆಲ್ಲ ಒಟ್ಟುಗೂಡಿಸಿ "ಬ್ರೇಕರ್ ಹಾಕಬೇಡ!" ಅಂತ ಕೂಗಿದೆ. ಅವನಿಗೆ ಕೇಳಿಸಿದ್ದು "ಬ್ರೇಕರ್" ಅಷ್ಟೇ. ತಡವಾಯಿತು ಅಂತ ಸರ್ ಬೈಯುತ್ತಿದ್ದಾರೆ ಅಂದುಕೊಂಡು ಓಡಿಹೋಗಿ ಟಪ್ಪನೆ ಎತ್ತಿಬಿಟ್ಟ.

ಲೈಟು ಹತ್ತಿತು. ರೊಯ್ಯೋ ಅಂತ ಸದ್ದು. ಹುಡುಗ ಹಾರಿ ಹಿಂದಕ್ಕೆ ಬಿದ್ದ. ಓಡಿದ್ದು ವ್ಯಾಕ್ಯೂಮ್ ಮಾತ್ರ ಅಂತ ತಿಳಿಯುವಷ್ಟರಲ್ಲಿ ನನ್ನ ಕೈಯ ಉಳಿ ಕಲ್ಲಿನ ಮೇಲಿಂದ ಜಾರಿ ನೆಲಕ್ಕೆ ಬಿದ್ದು, ಮಸೆದ ಅಂಚು ಮುಕ್ಕಾಗಿತ್ತು. ಬ್ಲೇಡ್ ಅಲ್ಲಾಡಿರಲಿಲ್ಲ. ಯಂತ್ರದ ಆ ಬದಿಯಲ್ಲಿ ನಮ್ಮ ಹಿರಿಯ ಮೇಸ್ತ್ರಿ ಗರಗಸದ ಪ್ಲಗ್ಗನ್ನು ಕೈಯಲ್ಲಿ ಹಿಡಿದು ನಿಂತಿದ್ದರು.

"ಯಂತ್ರ ತಾನಾಗೇ ನಿಂತ್ರೆ ನಾನು ಮೊದ್ಲು ಪ್ಲಗ್ ಕೀಳೋದು ಸಾರ್. ಸದ್ದು ಹೋದ ತಕ್ಷಣ ಕೈ ಅಲ್ಲಿಗೇ ಹೋಗುತ್ತೆ," ಅಂದರು. ಆಮೇಲೆ ಕೊಯ್ತದ ಬಾಯಿಗೆ ಒಂದು ಬೆಣೆ ಹೊಡೆದು ಹಲಗೆಯನ್ನು ಸಲೀಸಾಗಿ ಬಿಡಿಸಿದರು. ಹುಡುಗನಿಗೆ ಬೈಯಲಿಲ್ಲ. ನನಗೂ ಏನೂ ಅನ್ನಲಿಲ್ಲ, ಗೋಡೆಯ ಮೊಳೆಯ ಕಡೆ ಒಮ್ಮೆ ನೋಡಿದರು ಅಷ್ಟೆ.

ವರದಿ ಬರೆದೆ. ಫಾರಂನಲ್ಲಿ ಇದ್ದ ಕಾಲಂಗಳು: ಗಾಯಾಳುವಿನ ಹೆಸರು, ಗಾಯದ ವಿವರ, ನಷ್ಟವಾದ ಕೆಲಸದ ದಿನ. ಮೂರಕ್ಕೂ "ಇಲ್ಲ" ಅಂತ ಬರೆದು ಕಳಿಸಿದ್ದಕ್ಕೆ "ಅಪೂರ್ಣ" ಅನ್ನುವ ಷರಾ ಬರೆದು ವಾಪಸ್ ಕಳಿಸಿದರು.

ಈಗ ಯಾರಾದರೂ ಕಡಿಮೆ ದುಡ್ಡಿನಲ್ಲಿ ಮರಗೆಲಸ ಶುರುಮಾಡುತ್ತೇನೆ, ಯಾವ ಟೇಬಲ್ ಸಾ ತಗೊಳ್ಳಲಿ ಅಂತ ಕೇಳಿದರೆ ನಾನು ಮರುಪ್ರಶ್ನೆ ಕೇಳುತ್ತೇನೆ: ಯಾಕೆ ಬೇಕು? ಪ್ಲೈವುಡ್ ಶೀಟ್ ಕೊಯ್ಯುವುದಕ್ಕಾದರೆ ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ, ಕ್ಲಾಂಪ್ ಹಾಕಿ ಕೂರಿಸಿದ ಒಂದು ನೇರ ಪಟ್ಟಿ, ಶೀಟಿನ ಕೆಳಗೆ ಹಾಸಲು ಥರ್ಮೋಕೋಲ್ ಹಾಳೆ ಸಾಕು. ಬ್ಲೇಡಿನ ಆಳವನ್ನು ಶೀಟಿಗಿಂತ ಸ್ವಲ್ಪವೇ ಕೆಳಗೆ ಇಟ್ಟರೆ ಕೊಯ್ತವೂ ನಯ, ಭಯವೂ ಕಡಿಮೆ. ಎಂಟಡಿಯ ಶೀಟನ್ನು ಸಣ್ಣ ಟೇಬಲ್ ಸಾ ಮೇಲೆ ಒಬ್ಬರೇ ತಳ್ಳುವುದಕ್ಕಿಂತ ಗರಗಸವನ್ನೇ ಶೀಟಿನ ಮೇಲೆ ಓಡಿಸುವುದು ವಾಸಿ. ಟೇಬಲ್ ಸಾ ಬೇಕೇಬೇಕು ಅಂದರೆ, ಕರೆಂಟು ಹೋಗಿ ಬಂದಾಗ ತಾನಾಗಿ ಓಡದ ನೋ-ವೋಲ್ಟ್ ಸ್ವಿಚ್ ಇದೆಯೇ ನೋಡಿ. ಅಂಗಡಿಯಲ್ಲೇ ಓಡಿಸಿ, ಗೋಡೆಯ ಸ್ವಿಚ್ ಆರಿಸಿ ಮತ್ತೆ ಹಾಕಿ. ಸುಮ್ಮನಿದ್ದರೆ ಸರಿ. ಗಾರ್ಡ್ ತೆಗೆದ ಮೇಲೂ ಉಳಿಯುವ, ಬ್ಲೇಡಿನ ಜೊತೆಗೇ ಏರಿ ಇಳಿಯುವ, ಸ್ಪ್ಲಿಟರಿನ ಕೆಲಸವನ್ನೇ ಮಾಡುವ ರೈವಿಂಗ್ ನೈಫ್ ಇದ್ದರಂತೂ ಎಚ್‌ಪಿ ಸ್ವಲ್ಪ ಕಡಿಮೆಯಾದರೂ ಅದನ್ನೇ ತಗೊಳ್ಳಿ.

ಬೆಂಚನ್ನು ಕೊಳ್ಳಬೇಡಿ, ಕಟ್ಟಿ. 18 ಮಿ.ಮೀ. ಪ್ಲೈ ಎರಡು ಪದರ ಅಂಟಿಸಿದ ಮೇಲ್ಮೈ, ದಪ್ಪ ಕಾಲು, ಅಡ್ಡಪಟ್ಟಿ. ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಮಣಿಕಟ್ಟು ಎಲ್ಲಿಗೆ ಬರುತ್ತದೋ ಸುಮಾರು ಅಷ್ಟು ಎತ್ತರ. ಚೆಂದ ಕಾಣದಿದ್ದರೂ ಪರವಾಗಿಲ್ಲ, ತೂಕವಿರಲಿ. ವೈಸ್ ಮಾತ್ರ ಒಳ್ಳೆಯದನ್ನೇ ಕೊಳ್ಳಿ.

ರಂದ ಹಳೆಯದಾದರೂ ನಡೆಯುತ್ತದೆ, ಮಧ್ಯಮ ಉದ್ದದ ನಂಬರ್ 5 ರಂದ ಒಂದಿದ್ದರೆ ಮೊದಲ ವರ್ಷ ಬೇರೆ ಬೇಡ. ಮೇಲೆ ತುಕ್ಕು ಹಿಡಿದಿದ್ದರೆ ಉಜ್ಜಿ ತೆಗೆಯಬಹುದು. ಎರಕದ ಮೈಯಲ್ಲಿ, ಅದರಲ್ಲೂ ಬಾಯಿಯ ಅಕ್ಕಪಕ್ಕ, ಬಿರುಕು ಬಿಟ್ಟಿದ್ದರೆ ಬಿಟ್ಟುಬಿಡಿ. ಪತ್ತಿಯ, ಅಂದರೆ ರಂದದ ಅಲಗಿನ, ಚಪ್ಪಟೆ ಬದಿಯಲ್ಲಿ, ತುದಿಯ ಹತ್ತಿರ ತುಕ್ಕು ಗುಳಿ ತೋಡಿದ್ದರೂ ಬೇಡ. ಆ ಗುಳಿ ಅಂಚಿಗೆ ಬಂದಾಗಲೆಲ್ಲ ಮರದ ಮೇಲೆ ಗೀರು ಬೀಳುತ್ತದೆ. ಉಳಿಗಳು 6, 12, 18, 25 ಮಿ.ಮೀ. ಸಾಕು. ಹನ್ನೆರಡರ ಸೆಟ್ ಕೊಂಡವರ ಪೆಟ್ಟಿಗೆಯಲ್ಲಿ ಎಂಟು ಹೊಸದಾಗಿಯೇ ಉಳಿದಿರುವುದನ್ನು ಕಂಡಿದ್ದೇನೆ.

ಮಸೆಯುವ ವಿಷಯದಲ್ಲಿ ನನ್ನ ಲೆಕ್ಕವೂ ತಪ್ಪಿತ್ತು. ಗಾಜಿನ ಮೇಲೆ ವಾಟರ್ ಪೇಪರ್ ಅಂಟಿಸಿ ಮಸೆಯುವುದು ಅಗ್ಗ ಅಂತ ಶುರುಮಾಡಿದೆವು. ಒಬ್ಬರಿಗೆ ಅಗ್ಗವೇ. ಒಂದು ಬ್ಯಾಚಿಗೆ ಅಲ್ಲ, ಹೊಸಬರು ತಳ್ಳುವಾಗಲೂ ಒತ್ತಿ ಪೇಪರ್ ಹರಿದುಬಿಡುತ್ತಾರೆ. 1000 (ಒರಟು) ಮತ್ತು 6000 (ನಯ) ಗ್ರಿಟ್ಟಿನ ಎರಡು ಕಲ್ಲು, 30 ಡಿಗ್ರಿಗೆ ಹಿಡಿಯುವ ಒಂದು ಗೈಡ್ ಮೊದಲೇ ತಂದಿದ್ದರೆ ಆಗುತ್ತಿತ್ತು. ಗ್ರೈಂಡರ್ ಹತ್ತಿರ ಹೋಗಲೇಬೇಡಿ ಅಂತ ಹೇಳಿದ್ದರೂ ಒಬ್ಬ ಹೋಗಿ ಉಳಿಯ ತುದಿಯನ್ನು ನೀಲಿ ಮಾಡಿಕೊಂಡು ಬಂದ. ನೀಲಿಯಾದ ಭಾಗದ ಹದ ಹೋಯಿತು ಅಂತಲೇ ಅರ್ಥ, ಅಷ್ಟನ್ನೂ ಸವೆಸಬೇಕು.

ಮೂಲೆಮಟ್ಟ ಅಗ್ಗದ್ದನ್ನೇ ತನ್ನಿ, ಪರೀಕ್ಷಿಸಿ ತನ್ನಿ. ನೇರ ಅಂಚಿನ ಹಲಗೆಗೆ ಹಿಡಿದು ಒಂದು ಗೆರೆ, ಮಟ್ಟವನ್ನು ಮಗುಚಿ ಅದೇ ಜಾಗದಿಂದ ಇನ್ನೊಂದು ಗೆರೆ. ಎರಡೂ ಕೂಡಿದರೆ ಸರಿ, ಬೇರೆಯಾದರೆ ತಪ್ಪು ಎರಡು ಪಟ್ಟಾಗಿ ಕಾಣುತ್ತದೆ. ಬಿಟ್ಟಿ ಸಿಗುವ ಪ್ಯಾಲೆಟ್ ಮರದಲ್ಲಿ ಕಲಿಯಬಹುದು. ಎಚ್‌ಟಿ ಅಂತ ಮುದ್ರೆಯಿದ್ದರೆ ಶಾಖ ಕೊಟ್ಟದ್ದು, ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಅದನ್ನು ಮುಟ್ಟಬೇಡಿ. ರಂದಕ್ಕೆ ಮುಂಚೆ ಅಯಸ್ಕಾಂತ ಆಡಿಸಿ; ಒಳಗೆ ಮುರಿದ ಮೊಳೆ ಒಂದು ಉಳಿದಿದ್ದರೂ ಪತ್ತಿ ಹೋಯಿತು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹರವಿ ಒಣಗಿಸಿ. ಮಾಸ್ಕ್ ಬಗ್ಗೆ ಹೇಳಿ ಹೇಳಿ ಸಾಕಾಗಿದೆ: ಮರದ ಧೂಳು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ, ನಮ್ಮ ವ್ಯಾಕ್ಯೂಮ್ ಹಿಡಿಯುವುದು ದಪ್ಪ ಹೊಟ್ಟನ್ನು ಮಾತ್ರ.

ನಮ್ಮ ಟೇಬಲ್ ಸಾ ಈಗ ಹೊದಿಕೆ ಹಾಕಿಕೊಂಡು ಕೂತಿದೆ. ಹೊಸ ನೋ-ವೋಲ್ಟ್ ಸ್ವಿಚ್ಚಿಗೆ ಇಂಡೆಂಟ್ ಹಾಕಿದ್ದೇನೆ, ಗರಗಸಕ್ಕೊಂದು ಬೇರೆ ಲೈನ್ ಎಳೆಸಲೂ ಬರೆದಿದ್ದೇನೆ. ಲೈನಿನ ಬಗ್ಗೆ ಸುದ್ದಿಯಿಲ್ಲ. ಸ್ವಿಚ್ಚಿನ ಫೈಲು ಮಾತ್ರ ಖರೀದಿ ವಿಭಾಗದಿಂದ ಒಂದು ಪ್ರಶ್ನೆ ಹೊತ್ತು ಬಂದಿದೆ: "ಸದರಿ ಯಂತ್ರಕ್ಕೆ ಈಗಾಗಲೇ ಒಂದು ಸ್ವಿಚ್ ಇದ್ದು, ಸುಸ್ಥಿತಿಯಲ್ಲಿರುವುದಾಗಿ ತಾವೇ ದೃಢೀಕರಿಸಿರುತ್ತೀರಿ. ಎರಡನೆಯದರ ಅಗತ್ಯವನ್ನು ಸಮರ್ಥಿಸುವುದು."