ಡಕ್ಟೆಡ್ ಎಸಿ ಕೊಟೇಶನ್ ಬಂತು
ತುಮಕೂರಲ್ಲಿ ಅಕ್ಕ ಕಟ್ಟಿಸ್ತಿರೋ ಮನೆಗೆ ಡಕ್ಟೆಡ್ ಎಸಿ ಕೊಟೇಶನ್ ಬಂತು, 5 ಲಕ್ಷದ ಹತ್ತಿರ. ಡಕ್ಟೆಡ್ ಅಂದ್ರೆ ಒಂದೇ ಮೆಷಿನ್ನಿನ ತಂಪು ಗಾಳಿ ಸೀಲಿಂಗ್ ಮೇಲಿನ ಕೊಳವೆಗಳಲ್ಲಿ (ಡಕ್ಟು) ರೂಮುಗಳಿಗೆ ಹೋಗೋದು. ಮೆಷಿನ್ನಿನ ಬೆಲೆ ಅದರಲ್ಲಿ ಅರ್ಧದಷ್ಟೇ. ಉಳಿದದ್ದೆಲ್ಲ ತಗಡಿನ ಡಕ್ಟು, ಅದಕ್ಕೆ ಸುತ್ತೋ ಇನ್ಸುಲೇಶನ್, ತಾಮ್ರದ ಪೈಪು, ಗ್ರಿಲ್ಲು, ಕೂಲಿ. ಫಾಲ್ಸ್ ಸೀಲಿಂಗ್ ಬೇರೆ ಲೆಕ್ಕ. ಡಕ್ಟಿಗೇ ಅಡಿಯಷ್ಟು ಜಾಗ ಬಿಡಬೇಕು, 10 ಅಡಿ ಎತ್ತರದ ಹಾಲ್ 9ಕ್ಕೆ ಇಳಿಯುತ್ತೆ. 2025ರ ಸೆಪ್ಟೆಂಬರಲ್ಲಿ ಎಸಿ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದದ್ದೊಂದು ಸಮಾಧಾನ.

ಏಪ್ರಿಲ್ ಮಧ್ಯಾಹ್ನ ಇಲ್ಲಿ ಸುಡುತ್ತೆ, ನಿಜ. ಆದರೆ ಮನೆ ಬಿಸಿಯಾಗೋದು ತಾರಸಿಯಿಂದ, ಮೊದಲು ಅದನ್ನ ತಡೀಬೇಕು. ಮೇಲೆ ಬಿಳಿ ಟೈಲ್ಸ್ ಹಾಕಿಸು, ಅಮ್ಮ ಮಲಗೋ ರೂಮಿಗೆ 1.5 ಟನ್ನಿನ ಸ್ಪ್ಲಿಟ್ ಸಾಕು ಅಂತ ಅಕ್ಕನಿಗೆ ಹೇಳಿದೀನಿ. ಭಾವನಿಗೆ ಮಾತ್ರ ಇನ್ನೂ ಡಕ್ಟೆಡ್ ಮೇಲೇ ಮನಸ್ಸು.