ಸೆಲ್ಮಾ ಡಯೋರಾಮಾ: ರಬ್ಬಿಯ ಕೊರಳಿಗೆ ಕೊನೆಗೂ ಹಾರ ಬಿತ್ತು

ಮೂರು ವಾರ. ಒಂದೇ ಒಂದು ಹಾರಕ್ಕೆ! ಡಯೋರಾಮಾ ಅಂದರೆ ಪುಟ್ಟ ಗೊಂಬೆಗಳಲ್ಲಿ ಕಟ್ಟಿ ನಿಲ್ಲಿಸಿದ ಒಂದು ದೃಶ್ಯ. ಬೇಸ್, ಪ್ರೈಮರ್, ರಸ್ತೆಯ ಬಣ್ಣ ಎಲ್ಲಾ ನಿಮಗೆ ಗೊತ್ತಿರೋದೇ, ಬಿಟ್ಟುಬಿಡುತ್ತೇನೆ.

ದೃಶ್ಯ ಇದು. 1965ರ ಮಾರ್ಚ್ 21, ಅಮೆರಿಕದ ಅಲಬಾಮಾ. ಕರಿಯರ ಮತದಾನದ ಹಕ್ಕಿಗಾಗಿ ಸೆಲ್ಮಾದಿಂದ ಮಾಂಟ್‌ಗೊಮರಿಗೆ ಹೊರಟ ಕಾಲ್ನಡಿಗೆ, 54 ಮೈಲಿ. ಮುಂದಿನ ಸಾಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಪಕ್ಕದಲ್ಲಿ ವಿಶ್ವಸಂಸ್ಥೆಯ ಅಧಿಕಾರಿ ರಾಲ್ಫ್ ಬಂಚ್, ಅವರ ಪಕ್ಕ ಬಿಳಿ ಗಡ್ಡದ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಅಬ್ರಹಾಂ ಜೋಶುವಾ ಹೆಶೆಲ್. ಮೂವರ ಕೊರಳಲ್ಲೂ ಹೂವಿನ ಹಾರ. ಹವಾಯಿಯ ಪಾದ್ರಿ ಅಬ್ರಹಾಂ ಅಕಾಕಾ ಕಳಿಸಿದ್ದು.

ಮೊದಲು ಅಂಗಡಿಯವನ ಕಥೆ. 1/35 ಅಳತೆಯಲ್ಲಿ, ಅಂದರೆ ನಿಜದ ಮೂವತ್ತೈದನೇ ಒಂದು ಪಾಲಿನಲ್ಲಿ, ಸಾಮಾನ್ಯ ಜನರ ಗೊಂಬೆ ಸಿಗೋದೇ ಅಪರೂಪ. ‘ಸಿವಿಲಿಯನ್’ ಅಂತ ಬರೆದ ಪೊಟ್ಟಣ ತರಿಸಿದೆ. ತೆಗೆದು ನೋಡಿದರೆ ಎರಡನೇ ಮಹಾಯುದ್ಧದ ಜರ್ಮನ್ ಸೈನಿಕರು. ವಾಪಸ್ ತಗೊಳ್ಳಲ್ಲವಂತೆ. ಸರಿ, ಉದ್ದ ಕೋಟು ಇದೆಯಲ್ಲ, ಗುಂಡಿ ಕೆರೆದು ಹೆಶೆಲ್‌ಗೆ ಹಾಕೋಣ ಅಂತ ಚಾಕು ಹಿಡಿದೆ. ಆಮೇಲೆ ಕೈ ನಿಂತಿತು. 1938ರಲ್ಲಿ ಈ ಮನುಷ್ಯನನ್ನು ಜರ್ಮನಿಯಿಂದ ಹೊರಗೆ ಹಾಕಿದ್ದು ನಾತ್ಸಿಗಳು. ತಾಯಿಯನ್ನೂ ಮೂವರು ಅಕ್ಕಂದಿರನ್ನೂ ಅವರಿಂದಲೇ ಕಳೆದುಕೊಂಡವರು. ಆ ಕೋಟು ಇವರ ಮೈಮೇಲೆ ಬೇಡ ಅನ್ನಿಸಿತು. ತಂತಿಯ ಮೇಲೆ ಎಪಾಕ್ಸಿ ಪುಟ್ಟಿ (ಕಲೆಸಿದ ಮೇಲೆ ಕಲ್ಲಾಗೋ ಹಿಟ್ಟು) ಮೆತ್ತಿ ಹೊಸದಾಗಿ ಮಾಡಿದೆ. ನಾಲ್ಕು ಸಂಜೆ ಹೋಯಿತು, ಹೋಗಲಿ.

ಈಗ ಹಾರ. ನಿಜದಲ್ಲಿ ನಾಲ್ಕು ಸೆಂಟಿಮೀಟರ್ ಹೂವು ಅಂದರೆ ನಮ್ಮ ಅಳತೆಗೆ ಒಂದು ಮಿಲಿಮೀಟರ್ ಚಿಲ್ಲರೆ. ದಾರಕ್ಕೆ ಸೂಪರ್ ಗ್ಲೂ ಹಚ್ಚಿದೆ, ಕಡ್ಡಿಯಾಗಿ ಸೆಟೆದು ನಿಂತಿತು. ನೋಡಿದರೆ ಕೊರಳಿಗೆ ಹಗ್ಗ ಬಿಗಿದ ಹಾಗೆ. ಕರಿಯರನ್ನು ಗುಂಪುಗೂಡಿ ನೇಣಿಗೇರಿಸಿದ ಚರಿತ್ರೆಯ ಅಲಬಾಮಾದಲ್ಲಿ, ಆ ಕಾಲದಲ್ಲಿ, ಹಗ್ಗ ತಮಾಷೆಯ ವಿಷಯ ಅಲ್ಲ. ತಕ್ಷಣ ಕಿತ್ತೆ. ಚಿರೋಟಿ ರವೆ ಅಂಟಿಸಿದೆ, ಬೆಳಿಗ್ಗೆ ಎದ್ದರೆ ಇರುವೆ ಸಾಲು. ಸಾಸಿವೆ ದಪ್ಪ. ಗಸಗಸೆ ಅಳತೆಗೆ ಸರಿಯಾಗಿತ್ತು, ಬಣ್ಣವೂ ಒಳ್ಳೆ ಕೆನೆ ಬಣ್ಣ. ಆದರೆ ದುಂಡಗೆ ಮಿಂಚಿ ಮುತ್ತಿನ ಸರದ ಹಾಗಾಯಿತು. ರಬ್ಬಿ ಹೋಗಿ ಮದುಮಗ! ಸಾಲದ್ದಕ್ಕೆ ನಾನು ಅಭ್ಯಾಸಬಲದಿಂದ ಕೆಳಗೆ ಕುಚ್ಚು ಬೇರೆ ಕಟ್ಟಿದ್ದೆ. ಹವಾಯಿ ಹಾರಕ್ಕೆ ಕುಚ್ಚು ಎಲ್ಲಿಯದು?

ಮೊನ್ನೆ ರಾತ್ರಿ ದಾರಿ ಸಿಕ್ಕಿತು. ಕೆಟ್ಟ ಚಾರ್ಜರಿನೊಳಗಿನ ತಾಮ್ರದ ತಂತಿ, ಎರಡು ಎಳೆ ಹೊಸೆದದ್ದು. ಮೊದಲು ಬರೀ ತಂತಿಯನ್ನೇ ಕೊರಳಿಗೆ ಹಾಕಿ, ಕೋಟಿನ ಮಡಿಕೆಗೆ ತಕ್ಕಂತೆ ಟೂತ್‌ಪಿಕ್‌ನಲ್ಲಿ ಒತ್ತಬೇಕು. ಭಾರಕ್ಕೆ ಜೋತು ಬಿದ್ದ ಹಾಗೆ ಕಾಣೋದು ಇಲ್ಲೇ. ಆಮೇಲೆ ತೆಗೆದು ಫೆವಿಕಾಲ್ ಸವರಿ ಗಸಗಸೆಯಲ್ಲಿ ಹೊರಳಿಸಿ. ಆದರೆ ಗಸಗಸೆಗೆ ಕುಟ್ಟಾಣಿಯಲ್ಲಿ ಮೊದಲೇ ಒಂದು ಏಟು ಬಿದ್ದಿರಬೇಕು. ಒಂದೇ ಏಟು, ಎರಡಾದರೆ ಪುಡಿ. ಒಡೆದ ಅಂಚು ಥೇಟ್ ಎಸಳು. ಮೇಲೆ ಮ್ಯಾಟ್ ವಾರ್ನಿಷ್. ಗಡ್ಡವೂ ಹಾರವೂ ಒಂದೇ ಬಿಳಿಯಾಗಿ ಕಲೆಸಿಹೋಗುತ್ತಿದ್ದವು. ಗಡ್ಡಕ್ಕೆ ತೆಳು ಬೂದು ವಾಶ್ (ನೀರಾಗಿ ಕಲೆಸಿದ ಬಣ್ಣ) ಕೊಟ್ಟ ಮೇಲೆ ಬಿಡಿಸಿಕೊಂಡವು.

ಕಾಲುಗಳು ಮಾತ್ರ ಇನ್ನೂ ಮರಗಾಲು. ಆ ನಡಿಗೆಯಲ್ಲಿ ನನ್ನ ಕಾಲುಗಳು ಪ್ರಾರ್ಥಿಸುತ್ತಿದ್ದವು ಅಂತ ಹೆಶೆಲ್ ಆಮೇಲೆ ಹೇಳಿದ್ದರು. ಹಾಗಾಗಿ ಕಾಲನ್ನು ಮರೆಮಾಚಿ ಪಾರಾಗೋದಕ್ಕೂ ಮನಸ್ಸಿಲ್ಲ. ಮಂಡಿ ಕತ್ತರಿಸಿ ಮತ್ತೆ ಕೂರಿಸಬೇಕು.

ಅಷ್ಟರಲ್ಲಿ ತಲೆ ಮುಂದಿನದಕ್ಕೆ ಓಡಿದೆ. 1964ರ ಜೂನ್ 18, ಫ್ಲಾರಿಡಾದ ಸೇಂಟ್ ಆಗಸ್ಟೀನ್, ಮಾನ್ಸನ್ ಮೋಟರ್ ಲಾಡ್ಜ್. ಕಿಂಗ್ ಕರೆದರೆಂದು ಬಂದ 16 ರಬ್ಬಿಗಳು ಅಂದು ಜೈಲಿಗೆ ಹೋದರು. ಅದೇ ಹೊತ್ತಿಗೆ ಬಿಳಿಯರಿಗೆ ಮಾತ್ರ ಅಂತಿದ್ದ ಲಾಡ್ಜಿನ ಈಜುಕೊಳಕ್ಕೆ ಕರಿಯರೂ ಬಿಳಿಯರೂ ಒಟ್ಟಿಗೆ ಧುಮುಕಿದರು ಅಂತ ಮಾಲೀಕ ನೀರಿಗೆ ಆಸಿಡ್ ಸುರಿದ. ಈಜುಕೊಳ ಅಂದರೆ ರೆಸಿನ್, ನೀರಿನ ಹಾಗೆ ಸುರಿದರೆ ಗಾಜಿನಂತೆ ಗಟ್ಟಿಯಾಗೋ ದ್ರವ! ಪಾಲಿಯೆಸ್ಟರ್ ರೆಸಿನ್ ಬೇಸಿನ ಥರ್ಮಾಕೋಲನ್ನು ತಿಂದುಹಾಕುತ್ತದೆ, ಆದ್ದರಿಂದ ಎಪಾಕ್ಸಿಯೇ ಗತಿ. ಆದರೆ ನೀರಿಗೆ ಬೀಳುತ್ತಿರುವ ಆಸಿಡ್ ತೋರಿಸೋದು ಹೇಗೆ? ಅರ್ಧ ಗಟ್ಟಿಯಾದಾಗ ಒಂದು ಹನಿ ಬಿಳಿ ಎಳೆದರೆ ಸಾಕಾ? ಯಾರಾದರೂ ಮಾಡಿ ನೋಡಿದ್ದರೆ ಹೇಳಿ.

ಅದಕ್ಕೆ ಮೊದಲು ಕಿಂಗ್, ಬಂಚ್ ಬರಿಗೊರಳಲ್ಲಿ ಕಾಯುತ್ತಿದ್ದಾರೆ. ಗಸಗಸೆ ಡಬ್ಬಿ ತಳ ಕಂಡಿದೆ. ಅಮ್ಮ ಇನ್ನೂ ನೋಡಿಲ್ಲ.