ಎರಡು ವರ್ಷದ ನೋಟಿಸ್

ಜರ್ಮನಿಯ ಕೈಸರ್ಸ್‌ಲೌಟರ್ನ್‌ನಲ್ಲಿ ಬಾಡಿಗೆ ಮನೆ ಹುಡುಕುವ ನಮ್ಮಂಥವರಿಗೆ ಅಮೆರಿಕದ ಸೇನೆಯವರೇ ಪ್ರತಿಸ್ಪರ್ಧಿಗಳು. ಪಕ್ಕದಲ್ಲೇ ರಾಮ್‌ಸ್ಟೈನ್ ವಾಯುನೆಲೆ, ಲಾಂಡ್‌ಸ್ಟೂಲ್‌ನಲ್ಲಿ ಅವರ ದೊಡ್ಡ ಆಸ್ಪತ್ರೆ. ಸೈನಿಕರು, ಸಿಬ್ಬಂದಿ, ಕುಟುಂಬದವರು ಎಲ್ಲ ಸೇರಿ ಸುಮಾರು 50,000 ಅಮೆರಿಕನ್ನರು ಈ ಸುತ್ತಿನಲ್ಲಿದ್ದಾರೆ. ಬಾಡಿಗೆಗೆಂದೇ ಸೇನೆ ಭತ್ಯೆ ಕೊಡುವುದರಿಂದ ಹಳ್ಳಿಯ ಮನೆ ಮಾಲೀಕರಿಗೂ ಅವರೇ ಬೇಕು.

‘ಯುದ್ಧ ಮುಗಿದದ್ದು 1945ರಲ್ಲಿ. ಇವರಿನ್ನೂ ಅಲ್ಲೇಕೆ?’ ಎಂದು ಊರಿನ ಗೆಳೆಯರು ಕೇಳುತ್ತಾರೆ. ಇದನ್ನೇ ಕಚೇರಿಯಲ್ಲಿ ಊಟದ ಹೊತ್ತಿಗೆ ಎತ್ತಿದರೆ ಮೇಜು ಎರಡು ಪಾಲಾಗುತ್ತದೆ. ಒಬ್ಬರಿಗೆ ಡ್ರೋನ್ ದಾಳಿಗಳ ಸಂಕೇತಗಳು ರಾಮ್‌ಸ್ಟೈನ್ ಮೂಲಕ ಹಾದುಹೋಗುತ್ತವೆ ಎಂಬ ಸಿಟ್ಟು. ಇನ್ನೊಬ್ಬರಿಗೆ ಉಕ್ರೇನ್ ಯುದ್ಧದ ನಂತರ ಈ ಪ್ರಶ್ನೆಯೇ ಹುಡುಗಾಟ. ಪೂರ್ವ ಜರ್ಮನಿಯಲ್ಲಿ ಬೆಳೆದ ಹಿರಿಯ ಸಹೋದ್ಯೋಗಿಯೊಬ್ಬರು ಮಾತ್ರ, ‘ನಮ್ಮ ಕಡೆಯವರು ಹೋದರಲ್ಲ’ ಎಂದು ನಗುತ್ತಾರೆ.

ಅವರು ಹೇಳುವುದು ಪೂರ್ವ ಜರ್ಮನಿಯಲ್ಲಿದ್ದ ಸೋವಿಯತ್ ಸೇನೆಯ ವಿಷಯ. 1990ರ ಸೆಪ್ಟೆಂಬರ್‌ನಲ್ಲಿ ಮಾಸ್ಕೋದಲ್ಲಿ ಸಹಿಯಾದ ಒಪ್ಪಂದದ ಪ್ರಕಾರ ಆ ಸೇನೆ 1994ರ ಕೊನೆಯೊಳಗೆ ತೆರವು ಮಾಡಬೇಕಿತ್ತು. ಹೊರಡಬೇಕಾಗಿದ್ದವರು ಸೈನಿಕರೇ ಮೂರು ಲಕ್ಷಕ್ಕೂ ಹೆಚ್ಚು. ಜೊತೆಗೆ ಹೆಂಡತಿ ಮಕ್ಕಳು, ಟ್ಯಾಂಕುಗಳು, ಮದ್ದುಗುಂಡು. ಬರ್ಲಿನ್‌ನ ದಕ್ಷಿಣಕ್ಕಿರುವ ವೂನ್ಸ್‌ಡಾರ್ಫ್ ಅವರ ಪ್ರಧಾನ ಠಾಣೆ. ಅಲ್ಲಿಂದ ಮಾಸ್ಕೋಗೆ ನೇರ ರೈಲಿತ್ತು, ಸ್ಥಳೀಯ ಜರ್ಮನ್ನರಿಗೆ ಪ್ರವೇಶವಿರಲಿಲ್ಲ. ಆದರೆ ತಾಯ್ನಾಡಿನಲ್ಲಿ ಇವರಿಗೆ ಮನೆಗಳೇ ಇರಲಿಲ್ಲ. ಅದಕ್ಕೆ ಜರ್ಮನಿ 12 ಶತಕೋಟಿ ಮಾರ್ಕ್ ನೆರವು, 3 ಶತಕೋಟಿ ಬಡ್ಡಿರಹಿತ ಸಾಲ ಕೊಟ್ಟಿತು. ನೆರವಿನ ದೊಡ್ಡ ಪಾಲು ಹೋದದ್ದು ಮರಳುವ ಸೈನಿಕರಿಗೆ ಮನೆ ಕಟ್ಟಲು. ಸೇನೆಯನ್ನು ಕಳಿಸುವುದೆಂದರೆ ಇಷ್ಟು ಖರ್ಚಿನ, ಇಷ್ಟು ಬೇಸರದ ಕೆಲಸ ಎಂದು ನಾನು ಯೋಚಿಸಿಯೇ ಇರಲಿಲ್ಲ. ಗಡುವಿಗಿಂತ ಮೊದಲೇ, 1994ರ ಆಗಸ್ಟ್ 31ರಂದು ಬರ್ಲಿನ್‌ನಲ್ಲಿ ಬೀಳ್ಕೊಡುಗೆ ನಡೆಯಿತು. ಅಂದು ರಷ್ಯಾದ ಅಧ್ಯಕ್ಷ ಯೆಲ್ಟ್‌ಸಿನ್ ಪೊಲೀಸ್ ಬ್ಯಾಂಡ್‌ನವರ ಕೋಲು ಕಿತ್ತುಕೊಂಡು ವಾದ್ಯವೃಂದ ನಡೆಸಿದ್ದನ್ನು ಆ ಸಹೋದ್ಯೋಗಿ ಈಗಲೂ ಅಭಿನಯಿಸಿ ತೋರಿಸುತ್ತಾರೆ.

ಪಶ್ಚಿಮದ ಕಥೆ ಬೇರೆ. ಅಲ್ಲಿ ಯುದ್ಧ ಗೆದ್ದ ಅಮೆರಿಕ ಮತ್ತು ಅದರ ಮಿತ್ರರ ಆಕ್ರಮಿತ ಆಡಳಿತ 1955ರಲ್ಲಿ ಮುಗಿಯಿತು. ಸೈನಿಕರು ಒಪ್ಪಂದದ ಮೇಲೆ ಉಳಿದರು. 1990ರಿಂದ ಆ ಒಪ್ಪಂದಕ್ಕೆ ಎರಡು ವರ್ಷದ ನೋಟಿಸ್ ಕೊಟ್ಟು ಹೊರಬರುವ ಹಕ್ಕು ಜರ್ಮನಿಗಿದೆ. ಅದನ್ನು ಯಾವ ಸರ್ಕಾರವೂ ಬಳಸಿಲ್ಲ. ಹೀಗಿರುವಾಗ ಇದನ್ನು ಇನ್ನೂ ಆಕ್ರಮಿತ ಆಡಳಿತ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಎಷ್ಟು ವರ್ಷ ಇದ್ದರು ಎನ್ನುವುದಕ್ಕಿಂತ, ‘ಸಾಕು, ಹೊರಡಿ’ ಎನ್ನುವ ಅಧಿಕಾರ ಆ ನೆಲದವರ ಕೈಯಲ್ಲಿದೆಯೇ ಎಂಬುದು ನನಗೆ ದೊಡ್ಡದು.

ಅಫ್ಘಾನಿಸ್ತಾನದಲ್ಲಿ ಆ ಅಧಿಕಾರ ಕಾಗದದ ಮೇಲಷ್ಟೇ ಇತ್ತು. 2020ರ ಫೆಬ್ರುವರಿಯಲ್ಲಿ ದೋಹಾದಲ್ಲಿ ಹೊರಡುವ ದಿನಾಂಕ ಬರೆದುಕೊಂಡವರು ಅಮೆರಿಕ ಮತ್ತು ತಾಲಿಬಾನ್; ಕಾಬೂಲ್ ಸರ್ಕಾರದ ಸಹಿ ಅದರಲ್ಲಿಲ್ಲ. ಸುಮಾರು ಇಪ್ಪತ್ತು ವರ್ಷಗಳಲ್ಲಿ 59 ಸೈನಿಕರನ್ನು ಕಳೆದುಕೊಂಡ ಜರ್ಮನಿಯೂ ಅಮೆರಿಕದ ಹಿಂದೆಯೇ ಹೆಜ್ಜೆ ಹಾಕಿತು. 2021ರ ಜೂನ್ ಕೊನೆಗೆ ಅದರ ಪಡೆ ಮರಳಿತು, ಆಗಸ್ಟ್ 15ಕ್ಕೆ ಕಾಬೂಲ್ ಬಿತ್ತು. ಅಲ್ಲಿಂದ ತೆರವಾದವರಲ್ಲಿ 30,000ಕ್ಕೂ ಹೆಚ್ಚು ಜನ ಇದೇ ರಾಮ್‌ಸ್ಟೈನ್ ದಾಟಿ ಹೋದರು. ಇರಾಕ್‌ನಲ್ಲಿ ಇನ್ನೊಂದು ಬಗೆ: 2011ರ ಕೊನೆಗೆ ಒಪ್ಪಂದದಂತೆ ಹೊರಟ ಅಮೆರಿಕನ್ನರನ್ನು 2014ರಲ್ಲಿ ಬಾಗ್ದಾದ್ ಮತ್ತೆ ನೆರವಿಗೆ ಕರೆಯಬೇಕಾಯಿತು.

ಇಲ್ಲಿ ನನ್ನ ವಾದಕ್ಕೂ ಒಂದು ತೊಡಕಿದೆ. ‘ಹೋಗಿ’ ಎನ್ನಲು ನೋಟಿಸ್ ಇದೆ. ‘ಇರಿ’ ಎನ್ನಲು ಯಾವ ಕಾಗದವೂ ಇಲ್ಲ. 2020ರಲ್ಲಿ ಟ್ರಂಪ್ ಜರ್ಮನಿಯಿಂದ ಸುಮಾರು 9,500 ಸೈನಿಕರನ್ನು ತೆಗೆಯಲು ಹೊರಟಾಗ, ನೆಲೆಗಳಿರುವ ನಾಲ್ಕು ರಾಜ್ಯಗಳ ಮುಖ್ಯಮಂತ್ರಿಗಳು ಅಮೆರಿಕದ ಕಾಂಗ್ರೆಸ್ ಸದಸ್ಯರಿಗೆ ಪತ್ರ ಬರೆದು ತಡೆಯುವಂತೆ ಕೋರಿದರು. ತಮ್ಮ ನೆಲದ ಮೇಲಿನ ಸೇನೆಗಾಗಿ ಬೇರೆ ದೇಶದ ಸಂಸದರ ಬಾಗಿಲು ತಟ್ಟಬೇಕಾಯಿತು. ಮರುವರ್ಷ ಬೈಡನ್ ಬಂದು ಆ ಯೋಜನೆಯನ್ನು ತಡೆಹಿಡಿದರು. ಆ ತೀರ್ಮಾನವೂ ವಾಷಿಂಗ್ಟನ್ನಿನದೇ.